ನಮ್ಮೂರು ಮಾಲ್ಗುಡಿಯಾದ ಕಾಲ

'ಮಾಲ್ಗುಡಿ ಡೇಸ್' ಧಾರಾವಾಹಿ ತೆಗೆದ ಪದಮ್ ರಾಗ್ ಫಿಲ್ಮ್ಸ್ ಬಗ್ಗೆ ನಾನೇ ಬರೆಯಬೇಕೆಂದು ಸಂಚಿಕೆ ಸಮಿತಿಯವರು ಪಟ್ಟು ಹಿಡಿದರು. 1985ರ ಸುಮಾರಿಗೆ ಆ ಸಂಸ್ಥೆಯವರು ನಮ್ಮೂರು ಆಗುಂಬೆಗೆ ಬಂದಾಗ, ಕಲಾ ವಿಭಾಗದವರ ಹಿಂದೆ ಹಲಗೆ, ಸುಣ್ಣದ ಡಬ್ಬ ಹೊತ್ತು ಓಡಾಡಿದವನು ನಾನು. ಆ ಋಣ ಇನ್ನೂ ಇದೆ.

ಸಂಸ್ಥೆಯ ನಿರ್ಮಾಪಕ ಟಿ. ಎಸ್. ನರಸಿಂಹನ್ ಕೈಹಾಕಿದ್ದು ಸಣ್ಣ ಕೆಲಸಕ್ಕಲ್ಲ. ತಮ್ಮ 'ಗೈಡ್' ಕಾದಂಬರಿ ಸಿನಿಮಾ ಆದ ಬಗೆ ಆರ್. ಕೆ. ನಾರಾಯಣರಿಗೆ ಹಿಡಿಸಿರಲಿಲ್ಲ, ಅದನ್ನು ಅವರು ಬರೆದೂ ಇದ್ದರು. ಅಂಥವರ ಕಥೆಗಳನ್ನು ದೂರದರ್ಶನಕ್ಕೆ ತರಲು ನರಸಿಂಹನ್ ನೆಚ್ಚಿಕೊಂಡದ್ದು ಆಗಿನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಶಂಕರ್ ನಾಗ್ ಅವರನ್ನು. ಆ ಕಥೆಗಳು ನಡೆಯುವ, ನಕ್ಷೆಯಲ್ಲಿಲ್ಲದ ಮಾಲ್ಗುಡಿಗೆ ಶಂಕರ್ ನಮ್ಮೂರನ್ನು ಆರಿಸಿದರು.

ಊರನ್ನು ಮಾಲ್ಗುಡಿ ಮಾಡಿದ ಹೆಗ್ಗಳಿಕೆ ಕಲಾ ನಿರ್ದೇಶಕ ಜಾನ್ ದೇವರಾಜ್ ಅವರದು. ಕಂಡದ್ದನ್ನೇ ಹೇಳುತ್ತೇನೆ: ಹೊಸ ಹಲಗೆಗೆ ಮಸಿ ತಿಕ್ಕಿ ಹಳತು ಮಾಡುವುದನ್ನು ನಾನು ಕಲಿತದ್ದು ಅಲ್ಲೇ. ಕಥೆಯಲ್ಲಿ ಬರುವ ಲಾಲಿ ಸಾಹೇಬನ ಪ್ರತಿಮೆ ಎದ್ದು ನಿಂತಾಗ ಪೇಟೆಗೆ ಬಂದವರೆಲ್ಲ ಅದರ ಮುಂದೆ ಒಂದು ಗಳಿಗೆ ನಿಂತೇ ಹೋಗುತ್ತಿದ್ದರು. ಊರಿನ ದೊಡ್ಡಮನೆ ಕಥೆಯ ಹುಡುಗ ಸ್ವಾಮಿಯ ಮನೆಯಾಯಿತು. ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಮಳೆ ಹಿಡಿದರೆ ಎಸ್. ರಾಮಚಂದ್ರರ ಕ್ಯಾಮೆರಾಕ್ಕೆ ಹೊದಿಕೆ ಬೀಳುತ್ತಿತ್ತು, ಎಲ್ಲರೂ ಜಗುಲಿ ಸೇರುತ್ತಿದ್ದೆವು.  

ಆರ್. ಕೆ. ಲಕ್ಷ್ಮಣರ ಗೆರೆ, ಎಲ್. ವೈದ್ಯನಾಥನ್ ಅವರ ರಾಗದೊಂದಿಗೆ 'ಮಾಲ್ಗುಡಿ ಡೇಸ್' ಪರದೆಗೆ ಬಂದಾಗ ಟಿವಿ ಇದ್ದ ಮನೆಗಳಲ್ಲಿ ಕೂರಲು ಜಾಗವಿರಲಿಲ್ಲ. ಮಾತು ಹಿಂದಿಯದಾದರೂ ಮುಖಗಳೆಲ್ಲ ನಮ್ಮವು.

ಶಂಕರ್ ನಾಗ್ 39 ಕಂತು ಮಾಡಿದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಅಪಘಾತದಲ್ಲಿ ತೀರಿಕೊಂಡರು.  ನಾರಾಯಣರ ಜನ್ಮಶತಮಾನದ ವರ್ಷ 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದ 15 ಕಂತುಗಳು ಸೇರಿ ಒಟ್ಟು 54 ಆದವು.

ಮಾಲ್ಗುಡಿಯ ರೈಲು ನಿಂತ ಅರಸಾಳು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಅದನ್ನು ರೂಪಿಸಲು ಬಂದವರೂ ಜಾನ್ ದೇವರಾಜ್ ಅವರೇ. ನನಗೆ ಇದಕ್ಕಿಂತ ದೊಡ್ಡ ಸಂತೋಷವಿಲ್ಲ.

ಹಲಗೆ ಹೊತ್ತವರು, ಬೆಲ್ಲದ ಕಾಫಿ ಕಾಯಿಸಿಕೊಟ್ಟವರು, ಗುಂಪಿನಲ್ಲಿ ನಿಂತವರು ಯಾರ ಹೆಸರೂ ಪರದೆಯ ಮೇಲೆ ಬರಲಿಲ್ಲ. ಆ ದಿನಗಳ ಫೋಟೊ, ಚೀಟಿ ಯಾರ ಮನೆಯ ಅಟ್ಟದಲ್ಲಿದ್ದರೂ ದಯವಿಟ್ಟು ಸಮಿತಿಗೆ ತಲುಪಿಸಿ; ಹಿಂಬದಿಯಲ್ಲಿ ಫೋಟೊದಲ್ಲಿರುವವರ ಹೆಸರು ಬರೆದೇ ಕೊಡಿ.