ಜಾವಾ ನಾಡಿನ ಎಂಜಿನ್ ಪರೀಕ್ಷೆ

ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಬೈಕು ತಯಾರಿಕೆ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯು, ಎಂಜಿನ್ನಿನ ದೋಷವನ್ನು ಕಣ್ಣು-ಕಿವಿಗಳಿಂದಲೇ ಗುರುತಿಸುವ ಕಸುಬನ್ನೂ ಬೆಳೆಸಿತು. ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸಿದ ಆಯಿಲೇ ಕೀಲೆಣ್ಣೆಯಾದುದರಿಂದ, ಗಾಳಿ ಹೆಚ್ಚಿ ಪೆಟ್ರೋಲು ತಗ್ಗಿದಾಗ, ಅಂದರೆ ಮಿಶ್ರಣ ‘ಲೀನ್’ ಆದಾಗ, ಕಾದ ಪಿಸ್ಟನ್ನಿಗೆ ಎಣ್ಣೆಯೂ ಸಾಲದೆ ಅದು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತಿತ್ತು. ಕಾರಿನಲ್ಲಿ ಮೊದಮೊದಲು ಬರಿಯ ಎಳೆತದ ಕೊರತೆಯಾಗಿ ತೋರುವ ಈ ದೋಷ ಇಲ್ಲಿ ಎಂಜಿನ್ನಿಗೇ ಕುತ್ತು. ಪ್ಲಗ್ ಬಿಚ್ಚಿದಾಗ ತುದಿಯ ಪಿಂಗಾಣಿ ಕಂದಾಗಿದ್ದರೆ ಸರಿ, ಸುಣ್ಣದಂತೆ ಬಿಳಿಚಿದ್ದರೆ ಲೀನ್ ಎಂಬುದು ಮನೆಯಂಗಳದಲ್ಲೇ ಮಾಡಬಹುದಾದ, ಇಂದಿಗೂ ನಂಬಲರ್ಹವಾದ ಪರೀಕ್ಷೆ. ಬಳಿಕ ಕಾರ್ಬುರೇಟರಿನ ಜೆಟ್ಟನ್ನು, ಅಂದರೆ ಪೆಟ್ರೋಲು ಹಾಯುವ ಸಣ್ಣ ತೂತಿನ ಹಿತ್ತಾಳೆ ಬಿಡಿಭಾಗವನ್ನು, ಊದಿ ಕಸ ತೆಗೆದು, ಗ್ಯಾಸ್ಕೆಟ್ಟಿನ ಸಂದಿಯಲ್ಲಿ ಗಾಳಿ ನುಗ್ಗುತ್ತಿದೆಯೇ ಎಂದು ನೋಡಿ, ಆಮೇಲಷ್ಟೇ ಕ್ರ್ಯಾಂಕಿನ ಆಯಿಲ್ ಸೀಲಿಗೆ ಕೈಹಾಕುವುದು ಕ್ರಮ.