ನಿವೃತ್ತ ವಿಮಾನ, ಅಳಿದ ಹುದ್ದೆ: ವಿಮಾನ ಸಿಬ್ಬಂದಿಯ ಕಡಿತ ಕುರಿತು

ಬೆಳ್ತಂಗಡಿ ಪೇಟೆಗೆ ತಾಗಿಕೊಂಡಿರುವ ಲಾಯಿಲದವರಿಗೆ ವಿಮಾನವೆಂದರೆ ಬಜ್ಪೆ ವಿಮಾನ ನಿಲ್ದಾಣ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಕೋಟ ವಿಮಾನದಲ್ಲಿ ಬಂದಿಳಿದು ಆ ನಿಲ್ದಾಣವನ್ನು ಉದ್ಘಾಟಿಸಿದರು. ಆ ಕಾಲದ ಡಕೋಟಗಳಲ್ಲಿ ಇಬ್ಬರು ಪೈಲಟ್‌ಗಳ ಜತೆ ರೇಡಿಯೊ ಆಪರೇಟರ್ ಒಬ್ಬರು ಇರುತ್ತಿದ್ದರು. ಇಂದು ಅಲ್ಲಿ ಇಳಿಯುವ ಬೋಯಿಂಗ್ 737ಕ್ಕೆ ಇಬ್ಬರು ಪೈಲಟ್‌ಗಳೇ ಸಾಕು. ವಿಮಾನ ಸಿಬ್ಬಂದಿಯ ಕಡಿತವನ್ನು ನಾವು ಸಾಮಾನ್ಯವಾಗಿ ಕಂಪನಿಯ ಲಾಭನಷ್ಟದ ಪುಸ್ತಕದಲ್ಲಿ ಹುಡುಕುತ್ತೇವೆ. ಅದನ್ನು ಕಾಕ್‌ಪಿಟ್‌ನ ವಿನ್ಯಾಸದಲ್ಲಿಯೂ ಹುಡುಕಬೇಕೆಂಬುದು ನನ್ನ ವಾದ.

ಇದಕ್ಕೆ ಫ್ಲೈಟ್ ಇಂಜಿನಿಯರ್‌ಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಏರ್ ಇಂಡಿಯಾ 1971ರಲ್ಲಿ ತಂದ ಬೋಯಿಂಗ್ 747-200, ಇಂಡಿಯನ್ ಏರ್‌ಲೈನ್ಸ್ 1976ರಲ್ಲಿ ತಂದ ಏರ್‌ಬಸ್ ಎ300, ಎರಡರಲ್ಲೂ ಪೈಲಟ್‌ಗಳ ಹಿಂದೆ ಅವರಿಗೆಂದೇ ಮೂರನೆಯ ಆಸನವಿತ್ತು. ಎಂಜಿನ್, ಇಂಧನ, ಹೈಡ್ರಾಲಿಕ್, ವಿದ್ಯುತ್ತಿನ ಮೀಟರುಗಳನ್ನೆಲ್ಲ ಹಾರಾಟದುದ್ದಕ್ಕೂ ನೋಡಿಕೊಳ್ಳುವುದು ಅಲ್ಲಿ ಕೂತವರ ಕೆಲಸ. 1989ರಲ್ಲಿ ಎ320, 1993ರಲ್ಲಿ 747-400 ಬಂದವು. ಆ ಕೆಲಸ ಕಂಪ್ಯೂಟರಿಗೆ ಹೋಯಿತು. ಹಳೆಯ ವಿಮಾನದ ಪೈಲಟ್ ಹೊಸ ಟೈಪ್ ರೇಟಿಂಗ್ (ಆಯಾ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಪಡೆದು ಮುಂದಿನ ವಿಮಾನಕ್ಕೆ ಹತ್ತಬಹುದಿತ್ತು. ಫ್ಲೈಟ್ ಇಂಜಿನಿಯರಿಗೆ ಅಲ್ಲಿ ಕೂರಲು ಜಾಗವೇ ಇರಲಿಲ್ಲ. ದಶಕಗಳ ಅನುಭವ ಮುಪ್ಪಾದ ವಿಮಾನದೊಂದಿಗೇ ಹ್ಯಾಂಗರ್ ಸೇರಿತು.

ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಪ್ರಕರಣವನ್ನು ಇದರೊಂದಿಗೆ ಬೆರೆಸಬಾರದು. 2005ರಲ್ಲಿ ಹಾರಾಟ ಆರಂಭಿಸಿದ ಆ ಕಂಪನಿಯ ವಿಮಾನಗಳು ಹಳತಾಗಿರಲಿಲ್ಲ. ಸಾಲ ಮಿತಿಮೀರಿತು, ಲೀಸ್ ಕೊಟ್ಟವರು ವಿಮಾನ ಹಿಂಪಡೆದರು, ತಿಂಗಳುಗಟ್ಟಲೆ ಸಂಬಳ ನಿಂತಿತು; 2012ರ ಅಕ್ಟೋಬರ್‌ನಲ್ಲಿ ಲೈಸೆನ್ಸ್ ಅಮಾನತಾಯಿತು. ಅದು ಘೋರ ಅನ್ಯಾಯವೇ. ಆದರೂ ಎ320, ಎಟಿಆರ್ ವಿಮಾನಗಳು ಬೇರೆ ಕಂಪನಿಗಳಲ್ಲಿ ಹಾರುತ್ತಿದ್ದವು, ಆದ್ದರಿಂದ ಅಲ್ಲಿನ ಪೈಲಟ್‌ಗಳ ವಿದ್ಯೆಗೆ ಬೆಲೆ ಉಳಿದಿತ್ತು.

ಕಾನೂನು ಈ ಎರಡು ಬಗೆಯ ಕಡಿತಗಳ ನಡುವೆ ಭೇದ ಕಾಣುವುದಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಸೇರಿದ ಅಧ್ಯಾಯದ ಪ್ರಕಾರ ಒಂದು ತಿಂಗಳ ನೋಟಿಸ್ ಕೊಡಬೇಕಿತ್ತು, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕಿತ್ತು, ಕೊನೆಗೆ ಬಂದವರನ್ನು ಮೊದಲು ತೆಗೆಯಬೇಕಿತ್ತು. ಹುದ್ದೆಯೇ ಅಳಿದಲ್ಲಿ ಜ್ಯೇಷ್ಠತೆಯಿಂದ ಏನು ಪ್ರಯೋಜನ? ಸರ್ಕಾರದ ಪೂರ್ವಾನುಮತಿ ಬೇಕೆಂಬ ಕಟ್ಟಳೆಯಾದರೋ ಕಾರ್ಖಾನೆ, ಗಣಿ, ತೋಟಗಳಿಗೆ ಮಾತ್ರ. ವಿಮಾನ ಕಂಪನಿ ಅದರ ಹೊರಗೆ. 2020ರ ಕೈಗಾರಿಕಾ ಸಂಬಂಧ ಸಂಹಿತೆ ಮರುಕೌಶಲ ನಿಧಿಯನ್ನು ತಂದಿರುವುದು ಸ್ವಾಗತಾರ್ಹ. ಆದರೆ ಅದರಿಂದ ಸಿಗುವುದು ಕೊನೆಯ ಸಂಬಳದ 15 ದಿನಗಳ ಮೊತ್ತ. ಒಂದು ಟೈಪ್ ರೇಟಿಂಗ್‌ಗೆ ಲಕ್ಷಗಟ್ಟಲೆ ರೂಪಾಯಿ ಬೇಕು.

ಯಾವ ವಿಮಾನ ಯಾವಾಗ ನಿವೃತ್ತವಾಗುತ್ತದೆಂಬುದು ಕಂಪನಿಗೆ ವರ್ಷಗಳ ಮೊದಲೇ ಗೊತ್ತಿರುತ್ತದೆ. ಹೊಸ ವಿಮಾನದ ಖರೀದಿಗೆ ಸಹಿ ಬೀಳುವ ದಿನವೇ ಹಳೆಯ ವಿಮಾನದ ಸಿಬ್ಬಂದಿಯ ಮರುತರಬೇತಿಗೆ ಹಣ ತೆಗೆದಿಡುವುದನ್ನು ಸಂಹಿತೆಯ ನಿಯಮಗಳಲ್ಲಿ ಕಡ್ಡಾಯಗೊಳಿಸಬೇಕು.