ಸೀಳುತುಟಿ: ಹೊಲಿಗೆಯಿಂದ ಹಲ್ಲಿನವರೆಗೆ

ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಪಾಠ ಹೇಳುವವರೆಲ್ಲರೂ ಮೊದಲ ಕೆಲವು ತರಗತಿಗಳಲ್ಲಿಯೇ ಶಬ್ದೋತ್ಪತ್ತಿಯ ಸೂತ್ರಕ್ಕೆ ಬರುತ್ತಾರೆ. ಜೀವನ ಇಚ್ಛೆಯಿಂದ, ಅನುಕೂಲವಾದ ವಾಯುವಿನ ನೆರವಿನಿಂದ, ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯವು ಹುಟ್ಟುತ್ತದೆ. ಅದರ ಬಣ್ಣ ಬಿಳಿ. ಅದರ ಕಾರ್ಯವೇ ಶಬ್ದ ಎಂಬುದು ಆ ಸೂತ್ರದ ತಾತ್ಪರ್ಯ. ಶಬ್ದವು ಪುದ್ಗಲ ಎಂಬ ಜೈನ ದರ್ಶನದ ನಿಲುವನ್ನು ಹದಿಮೂರನೆಯ ಶತಮಾನದ ವೈಯಾಕರಣನು ಕನ್ನಡ ವ್ಯಾಕರಣದ ಹೊಸ್ತಿಲಲ್ಲಿಯೇ ಇರಿಸಿದ್ದಾನೆ ಎಂದು ವಿವರಿಸಿ, ಕಹಳೆಯ ಉಪಮೆಯ ಔಚಿತ್ಯವನ್ನು ಕೊಂಡಾಡಿ ನಾವು ಮುಂದಿನ ಸೂತ್ರಕ್ಕೆ ಹೋಗುತ್ತೇವೆ. ನಾನೂ ಹಲವು ವರ್ಷ ಹಾಗೆಯೇ ಹೋದವನು.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಹಲಸೂರಿನಿಂದ ನಮ್ಮ ತರಗತಿಗೆ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಈ ಸೂತ್ರದ ಬಳಿ ನನ್ನನ್ನು ನಿಲ್ಲಿಸಿದಳು. ಆಕೆಯ ಬರವಣಿಗೆ ತರಗತಿಯಲ್ಲಿಯೇ ಶ್ರೇಷ್ಠವಾಗಿತ್ತು. ಆದರೆ ಗಟ್ಟಿಯಾಗಿ ಓದು ಎಂದರೆ ಎದ್ದು ನಿಂತು ತಲೆ ತಗ್ಗಿಸುತ್ತಿದ್ದಳು. ಅದನ್ನು ನಾನು ಸಂಕೋಚವೆಂದೂ ಆಮೇಲೆ ಉದಾಸೀನವೆಂದೂ ತಿಳಿದು ವಾಚನಕ್ಕೆ ಮೀಸಲಾದ ಅಂಕಗಳನ್ನು ಕಡಿಮೆ ಮಾಡಿದ್ದೆ. ಪಾಠ ಮುಗಿದ ಮೇಲೆ ಆಕೆ ಬಳಿಗೆ ಬಂದು, ಬಾಯಿಗೆ ಸೆರಗು ಅಡ್ಡ ಹಿಡಿದು, "ಸರ್, ಕಹಳೆಯಲ್ಲೇ ತೂತಿದ್ದರೆ?" ಎಂದು ಕೇಳಿದಳು.

ಮೇಲ್ದುಟಿಯ ಮೇಲಿನ ಸಣ್ಣ ಗೆರೆಯನ್ನು ನಾನು ಅದುವರೆಗೆ ಗಮನಿಸಿರಲಿಲ್ಲ. ಹುಟ್ಟಿದಾಗ ಆಕೆಯ ತುಟಿ, ಒಸಡು, ಅಂಗುಳ ಮೂರೂ ಸೀಳಿದ್ದವು. ತುಟಿಯನ್ನು ಎಳವೆಯಲ್ಲಿಯೇ ಹೊಲಿದಿದ್ದರು. ಅಂಗುಳವನ್ನು ತಡವಾಗಿ ಮುಚ್ಚಿದ್ದರು. ಮುಂದಿನ ಹಲ್ಲುಗಳ ಹಿಂದೆ ಒಂದು ರಂಧ್ರ ಉಳಿದುಬಿಟ್ಟಿತ್ತು. ಕುಡಿದ ನೀರು ಅದರಿಂದ ಮೂಗಿಗೆ ಬರುತ್ತಿತ್ತು. ಮಾತಿನ ಗಾಳಿಯೂ ಅಲ್ಲಿಯೇ ಸೋರುತ್ತಿತ್ತು. "ತುಟಿ ಕೂಡಿತಲ್ಲ, ಇನ್ನೇನು ಎಂದು ಮನೆಯವರು ಬಿಟ್ಟರು" ಎಂದಳು. ಆ ಮಾತು ಒಂದು ಮನೆಯ ಕಥೆಯನ್ನಷ್ಟೇ ಅಲ್ಲ, ಒಂದು ದೀರ್ಘ ಚರಿತ್ರೆಯನ್ನೂ ಹೇಳುತ್ತದೆ ಎಂಬುದು ನನಗೆ ಅರಿವಾದದ್ದು ಬಹಳ ತಡವಾಗಿ. ಆ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸಿದ್ದೇನೆ.

ಮೊದಲು ಸಂಸ್ಕೃತ ವೈದ್ಯ ಗ್ರಂಥಗಳ ಸಾಕ್ಷ್ಯವನ್ನು ನೋಡೋಣ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯವು ಹರಿದ ಕಿವಿಯ ಹಾಲೆಯನ್ನು ಕೂಡಿಸುವ ಹಲವು ಬಗೆಗಳನ್ನು ಹೇಳಿ, ಮೂಗಿನ ಮರುನಿರ್ಮಾಣವನ್ನು ವಿವರಿಸಿ, ಕೊನೆಗೆ ತುಟಿಗೂ ಅದೇ ವಿಧಿ, ಆದರೆ ಮೂಗಿಗೆ ಇರಿಸುವ ನಳಿಗೆಗಳು ಬೇಡ ಎನ್ನುತ್ತದೆ. ಇದು ಮುಖ್ಯವಾಗಿ ಕತ್ತರಿಸಿಹೋದ ತುಟಿಗೆ ಸಂಬಂಧಿಸಿದ ಮಾತು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು ವಾಗ್ಭಟನ ಅಷ್ಟಾಂಗಹೃದಯ. ಸುಶ್ರುತನು ಎಂಟು ಎಂದು ಎಣಿಸಿದ ತುಟಿಯ ರೋಗಗಳನ್ನು ವಾಗ್ಭಟನು ಹನ್ನೊಂದಕ್ಕೆ ಹಿಗ್ಗಿಸುತ್ತಾನೆ. ಅವುಗಳಲ್ಲಿ ಒಂದು 'ಖಂಡೌಷ್ಠ': ವಾತದಿಂದ ಎರಡಾದ ತುಟಿ. ಲಕ್ಷಣ ಹೇಳುವ ಮಾತು ಬಲು ಚಿಕ್ಕದು. ಅದು ಹುಟ್ಟಿನಿಂದಲೇ ಬಂದುದೆಂಬ ಪ್ರಸ್ತಾಪ ಅದರಲ್ಲಿಲ್ಲ. ಆದರೆ ಚಿಕಿತ್ಸೆಯ ಮಾತು ಕುತೂಹಲಕಾರಿಯಾಗಿದೆ. ಎರಡೂ ಅಂಚುಗಳನ್ನು ಕೆರೆದು, ಹೊಲಿದು, ಗಾಯದಂತೆ ಉಪಚರಿಸಬೇಕು ಎಂಬುದು ಅದರ ಸಾರ.

'ಕೆರೆದು' ಎಂಬ ಒಂದು ಕ್ರಿಯಾಪದದಲ್ಲಿ ಇಡೀ ಅನುಭವ ಅಡಗಿದೆ. ಸೀಳಿದ ತುಟಿಯ ಅಂಚುಗಳ ಮೇಲೆ ಚರ್ಮ ಬೆಳೆದಿರುತ್ತದೆ. ಹಾಗೆಯೇ ತಂದು ಹೊಲಿದರೆ ದಾರ ಬಿಚ್ಚಿದ ಕೂಡಲೇ ಅವು ಮತ್ತೆ ಅಗಲುತ್ತವೆ. ಹಸಿಗಾಯವಾದರೆ ಮಾತ್ರ ಮಾಂಸ ಮಾಂಸವನ್ನು ಹಿಡಿಯುತ್ತದೆ. ಇಂದಿನ ಶಸ್ತ್ರವೈದ್ಯರೂ ಮೊದಲು ಮಾಡುವ ಕೆಲಸ ಇದೇ. ಚೀನದ ಜಿನ್ ವಂಶದ ಚರಿತ್ರೆಯಲ್ಲಿಯೂ ಕ್ರಿ.ಶ. ನಾಲ್ಕನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿದ ಒಂದು ಪ್ರಸಂಗವಿದೆ. ವೇಯ್ ಯಾಂಗ್‌ಚಿ ಎಂಬ ಬಡ ತರುಣನ ಸೀಳುತುಟಿಯನ್ನು ವೈದ್ಯನೊಬ್ಬ ಕೊಯ್ದು ಕೂಡಿಸಿ, ನೂರು ದಿನ ಗಂಜಿ ಮಾತ್ರ ಕುಡಿಯಬೇಕು, ನಗಬಾರದು, ಮಾತಾಡಬಾರದು ಎಂದು ಕಟ್ಟಪ್ಪಣೆ ಮಾಡಿದನಂತೆ. ಆ ತರುಣ ಮುಂದೆ ಉನ್ನತ ಅಧಿಕಾರಿಯಾದ. ಹೀಗೆ ತುಟಿಯ ಹೊಲಿಗೆ ಏಷ್ಯಾದ ಬಹು ಹಳೆಯ ವಿದ್ಯೆ.

ಕರ್ನಾಟಕದ ಸಂದರ್ಭದಲ್ಲಿ ನೆನೆಯಬೇಕಾದ ಗ್ರಂಥ ಉಗ್ರಾದಿತ್ಯಾಚಾರ್ಯನ 'ಕಲ್ಯಾಣಕಾರಕ'. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಮಾಂಸಾಹಾರದ ನಿರರ್ಥಕತೆಯನ್ನು ಕುರಿತು ವಾದಿಸಿದ ಈ ಒಂಬತ್ತನೆಯ ಶತಮಾನದ ಜೈನ ವೈದ್ಯನು ತನಗಿಂತ ಹಿಂದಿನ ಆಚಾರ್ಯರನ್ನು ಶಾಖೆಗಳ ಪ್ರಕಾರ ಸ್ಮರಿಸುತ್ತಾನೆ: ಶಾಲಾಕ್ಯಕ್ಕೆ ಪೂಜ್ಯಪಾದ, ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ಬಾಲಚಿಕಿತ್ಸೆಗೆ ಮೇಘನಾದ ಎಂದು ಮೊದಲಾಗಿ. ಆ ಆಚಾರ್ಯರ ಗ್ರಂಥಗಳು ನಮಗೆ ಉಳಿದಿಲ್ಲ. ಆದರೆ ಈ ವಿಭಜನೆಯೇ ನಮಗೆ ಒಂದು ಪಾಠ. ಬಾಯಿ ಮತ್ತು ತುಟಿಯ ರೋಗಗಳು ಶಾಲಾಕ್ಯಕ್ಕೆ ಸೇರುತ್ತವೆ. ಕೊಯ್ದು ಹೊಲಿಯುವುದು ಶಲ್ಯಕ್ಕೆ. ಹಸುಗೂಸಿನ ಪಾಲನೆ ಬಾಲಚಿಕಿತ್ಸೆಗೆ. ತುಟಿ ಸೀಳಿ ಹುಟ್ಟಿದ ಒಂದು ಮಗು ಈ ಮೂರೂ ಬಾಗಿಲುಗಳನ್ನು ತಟ್ಟಬೇಕು. ಒಬ್ಬನೇ ವೈದ್ಯ, ಒಂದೇ ದಿನ, ಒಂದೇ ಹೊಲಿಗೆ ಎಂಬುದು ಇದಕ್ಕೆ ಸಾಲದು.

ಇನ್ನು ಬೆಂಗಳೂರಿನ ಕಡೆಗೆ ಬರೋಣ. 1791ರ ಮಾರ್ಚ್ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯವು ಹಲಸೂರು ಬಾಗಿಲನ್ನು ಒಡೆದು ಪೇಟೆಯೊಳಗೆ ನುಗ್ಗಿತು. ಅದೇ ತಿಂಗಳು ಕೋಟೆಯೂ ಬಿದ್ದಿತು. ಈ ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತುಗಳನ್ನು ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠಾ ರೈತ ಟಿಪ್ಪುವಿನ ಸೈನ್ಯಕ್ಕೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಒಂದು ವರ್ಷಕ್ಕೂ ಮಿಕ್ಕು ಮೂಗಿಲ್ಲದೆ ಬದುಕಿದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದ ಒಬ್ಬ ಕುಶಲಿಯು ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಅವನಿಗೆ ಹೊಸ ಮೂಗನ್ನು ಕೂಡಿಸಿದ. ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ಕಂಡರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಚಿತ್ರಸಹಿತ ವರದಿಯನ್ನು ಪ್ರಕಟಿಸಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಈ ವಿಧಾನವನ್ನು ಪ್ರಯೋಗಿಸಿ 1816ರಲ್ಲಿ ಗ್ರಂಥವಾಗಿಸಿದ.

ಇದು ಮೂಗಿನ ಕಥೆಯಲ್ಲವೇ, ತುಟಿಗೇನು ಸಂಬಂಧ ಎಂದು ಓದುಗರು ಕೇಳಬಹುದು. ಸುಶ್ರುತನು ಮೂಗು ಮತ್ತು ತುಟಿಗಳನ್ನು ಒಂದೇ ವಿಧಿಯಲ್ಲಿ ಸೇರಿಸಿದ್ದನ್ನು ಮೇಲೆ ಕಂಡೆವು. ನೆರೆಯ ಚರ್ಮವನ್ನು ಬೇರಿನಿಂದ ಕಡಿಯದೆ ತಿರುಗಿಸಿ ತಂದು ಕೊರತೆಯನ್ನು ತುಂಬುವ ತತ್ತ್ವವೇ ಎರಡಕ್ಕೂ ಆಧಾರ. ಅಮೆರಿಕದ ರಾಲ್ಫ್ ಮಿಲ್ಲರ್ಡ್ 1950ರ ದಶಕದಲ್ಲಿ ಸೀಳುತುಟಿಗೆ ರೂಪಿಸಿದ, ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವ ವಿಧಾನವೂ ತುಟಿಯ ಒಂದು ಬದಿಯನ್ನು ತಿರುಗಿಸಿ ಇನ್ನೊಂದು ಬದಿಯನ್ನು ಮುಂದಕ್ಕೆ ತರುವುದೇ ಆಗಿದೆ.

ಆದರೆ ಅಂಗುಳದ ಕಥೆ ಬೇರೆ. ತುಟಿ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಅಂಗುಳ ಕತ್ತಲೆಯ ಗುಹೆಯ ಮಾಳಿಗೆ. ಅರಿವಳಿಕೆ ಬಳಕೆಗೆ ಬಂದದ್ದೇ 1846ರಲ್ಲಿ. ಅದಕ್ಕೂ ಹಿಂದೆ, 1819ರಲ್ಲಿ, ಪ್ಯಾರಿಸ್ಸಿನಲ್ಲಿ ವೈದ್ಯಕೀಯ ಓದುತ್ತಿದ್ದ ಕೆನಡಾದ ಜಾನ್ ಸ್ಟೀಫನ್‌ಸನ್ ತನ್ನ ಹುಟ್ಟು ಸೀಳನ್ನು ಫಿಲಿಬರ್ ರೂ ಎಂಬ ಶಸ್ತ್ರವೈದ್ಯನಿಗೆ ತೋರಿಸಿದ. ಎಚ್ಚರವಾಗಿಯೇ ಇದ್ದ ಆ ತರುಣನ ಮೆದು ಅಂಗುಳವನ್ನು ರೂ ಹೊಲಿದ. ಮರುವರ್ಷ ಸ್ಟೀಫನ್‌ಸನ್ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧದ ವಿಷಯ ಅದೇ ಶಸ್ತ್ರಕ್ರಿಯೆ. ಮುಂದೆ ಮಾಂಟ್ರಿಯಲ್ಲಿಗೆ ಮರಳಿ, ಮೆಕ್‌ಗಿಲ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗವಾಗಿ ಬೆಳೆದ ಸಂಸ್ಥೆಯ ಸ್ಥಾಪಕರಲ್ಲೊಬ್ಬನಾಗಿ ಪಾಠ ಹೇಳಿದ. ಅಂಗುಳ ಮುಚ್ಚಿಸಿಕೊಂಡವನು ಮಾತನ್ನೇ ವೃತ್ತಿಯಾಗಿಸಿಕೊಂಡದ್ದು ಅಧ್ಯಾಪಕರಾದ ನಮಗೆ ವಿಶೇಷವಾಗಿ ಮನಮುಟ್ಟುವ ಸಂಗತಿ.

ಅಂಗುಳಕ್ಕೂ ಭಾಷೆಗೂ ಇರುವ ನಂಟನ್ನು ಕನ್ನಡದ ವರ್ಣಮಾಲೆಯಿಂದಲೇ ತಿಳಿಯಬಹುದು. ಪ, ಬ, ತ, ದ, ಕ, ಗ ಎನ್ನುವಾಗ ಮೆದು ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚಬೇಕು. ಆಗ ಬಾಯೊಳಗೆ ಗಾಳಿ ಒತ್ತಡದಿಂದ ನಿಂತು ಸಿಡಿಯುತ್ತದೆ. ಮ, ನ ಎನ್ನುವಾಗ ಮಾತ್ರ ಆ ದಾರಿ ತೆರೆದಿರುತ್ತದೆ. ಅಂಗುಳ ಸೀಳಿದ್ದರೆ ದಾರಿ ಎಂದೂ ಮುಚ್ಚದು. ಅನುನಾಸಿಕಗಳು ಸರಾಗವಾಗಿ ಬರುತ್ತವೆ. ಉಳಿದ ವರ್ಗಾಕ್ಷರಗಳು ದುರ್ಬಲವಾಗಿ ಮೂಗಿನತ್ತ ಜಾರುತ್ತವೆ. ನಾಲಗೆಯಲ್ಲಿ ದೋಷವಿಲ್ಲ, ಬುದ್ಧಿಯಲ್ಲಂತೂ ಇಲ್ಲವೇ ಇಲ್ಲ. ದೋಷವಿರುವುದು ಕಹಳೆಯ ಮೈಯಲ್ಲಿ. ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಎಷ್ಟು ಶಾಸ್ತ್ರೀಯವಾಗಿತ್ತು ಎಂಬುದನ್ನು ಗಮನಿಸಬೇಕು.

ಮೂರನೆಯ ಘಟ್ಟ ಹಲ್ಲಿನದು. ಇದು ಎಲ್ಲಕ್ಕಿಂತ ಇತ್ತೀಚಿನದು. ಸೀಳು ಒಸಡಿನ ಮೂಲಕ ಹಾದುಹೋದಾಗ ಅಲ್ಲಿ ಹಲ್ಲಿಗೆ ಆಧಾರವಾದ ಮೂಳೆಯೇ ಇರುವುದಿಲ್ಲ. ಪಕ್ಕದ ಬಾಚಿಹಲ್ಲು ಹುಟ್ಟದೆ ಹೋಗಬಹುದು, ಸೊಟ್ಟಾಗಿ ಹುಟ್ಟಬಹುದು, ಕೆಲವೊಮ್ಮೆ ಒಂದರ ಬದಲು ಎರಡು ಬರಬಹುದು. ಕೋರೆಹಲ್ಲಿಗೆ ಇಳಿಯಲು ನೆಲೆಯಿಲ್ಲ. ಹಲ್ಲಿನ ಹೊರಕವಚ ತೆಳುವಾಗಿರುತ್ತದೆ; ಒತ್ತೊತ್ತಾಗಿ ಬೆಳೆದ ಹಲ್ಲುಗಳ ಸಂದಿಯಲ್ಲಿ ಅನ್ನ ನಿಲ್ಲುತ್ತದೆ; ಹೊಲಿಗೆಯ ಜಾಗ ನೋಯುತ್ತದೆಂದು ತಾಯಂದಿರು ಅಲ್ಲಿ ಬ್ರಷ್ ಆಡಿಸಲು ಅಂಜುತ್ತಾರೆ. ಹುಳುಕು ಬೇಗ ಹಿಡಿಯುತ್ತದೆ. ಮಗುವಿಗೆ ಎಂಟರಿಂದ ಹನ್ನೊಂದು ವರ್ಷವಾದಾಗ, ಕೋರೆಹಲ್ಲು ಇಳಿಯುವ ಮುನ್ನ, ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ಒಸಡಿನ ಸೀಳಿಗೆ ತುಂಬಿದರೆ ಆ ಹಲ್ಲು ಹೊಸ ಮೂಳೆಯ ಮೂಲಕ ತಾನೇ ದಾರಿ ಮಾಡಿಕೊಂಡು ಇಳಿಯುತ್ತದೆ. ಉಳಿದ ರಂಧ್ರವನ್ನೂ ಅದೇ ಸಲ ಮುಚ್ಚಬಹುದು. ಬಾಯ್ನ್ ಮತ್ತು ಸ್ಯಾಂಡ್ಸ್ ಎಂಬ ಅಮೆರಿಕದ ವೈದ್ಯರು ಈ ಮೂಳೆ ಕಸಿಯ ವಿಧಾನವನ್ನು ಪ್ರಕಟಿಸಿದ್ದು 1972ರಲ್ಲಿ. ವಯಸ್ಸು ಮೀರಿದ ಮೇಲೂ ಇದನ್ನು ಮಾಡಬಹುದು, ಆದರೆ ಫಲ ಅಷ್ಟು ನಿಶ್ಚಿತವಲ್ಲ.

ಈಗ ಈ ಮೂರು ಘಟ್ಟಗಳನ್ನು ಒಟ್ಟಿಗೆ ಇರಿಸಿ ನೋಡಬೇಕು. ವೈದ್ಯದ ಚರಿತ್ರೆಯಲ್ಲಿ ತುಟಿ ಮೊದಲು, ಅಂಗುಳ 1819ರಲ್ಲಿ, ಒಸಡಿನ ಮೂಳೆ 1972ರಲ್ಲಿ. ಮಗುವಿನ ಬಾಳಿನಲ್ಲಿ ತುಟಿಗೆ ಮೂರು ತಿಂಗಳಿನಿಂದ ಆರು ತಿಂಗಳು, ಅಂಗುಳಕ್ಕೆ ಒಂಬತ್ತು ತಿಂಗಳಿನಿಂದ ಒಂದೂವರೆ ವರ್ಷ, ಒಸಡಿಗೆ ಎಂಟರಿಂದ ಹನ್ನೊಂದು ವರ್ಷ. ಸಾವಿರಕ್ಕೂ ಹೆಚ್ಚು ವರ್ಷಗಳ ಕ್ರಮವನ್ನು ಮಗು ಒಂದು ದಶಕದಲ್ಲಿ ನಡೆಯುತ್ತದೆ. ಅದರ ನಡುವೆ ವಾಕ್ ಚಿಕಿತ್ಸೆ, ಕಿವಿಯ ಪರೀಕ್ಷೆ. ಆಮೇಲೆ ಹಲ್ಲಿಗೆ ಕ್ಲಿಪ್. ಮೇಲ್ದವಡೆ ಹಿಂದುಳಿದಿದ್ದರೆ ಬೆಳವಣಿಗೆ ನಿಂತ ಮೇಲೆ ದವಡೆಯ ಶಸ್ತ್ರಚಿಕಿತ್ಸೆ. ಮನೆಯವರು ನಿಲ್ಲುವುದು ಬಹುಮಟ್ಟಿಗೆ ಪ್ರಾಚೀನ ಗ್ರಂಥಗಳು ನಿಂತ ಜಾಗದಲ್ಲಿಯೇ, ಅಂದರೆ ತುಟಿಯ ಹೊಲಿಗೆಯ ಬಳಿ. 2009ರಲ್ಲಿ ಆಸ್ಕರ್ ಪಡೆದ 'ಸ್ಮೈಲ್ ಪಿಂಕಿ' ಎಂಬ ಸಾಕ್ಷ್ಯಚಿತ್ರ ಲಕ್ಷಾಂತರ ಜನರಿಗೆ ಈ ಚಿಕಿತ್ಸೆಯ ಸುದ್ದಿ ಮುಟ್ಟಿಸಿತು, ಅದು ದೊಡ್ಡ ಉಪಕಾರ. ಆದರೆ ನಮ್ಮ ಮನಸ್ಸಿನಲ್ಲಿ ಉಳಿಯುವುದು ಮುಂಚಿನ ಮುಖ, ಆಮೇಲಿನ ಮುಖ ಎಂಬ ಎರಡು ಚಿತ್ರಗಳು. ಅಂಗುಳವೂ ಹಲ್ಲೂ ಚಿತ್ರದಲ್ಲಿ ಕಾಣುವುದಿಲ್ಲ.

ನಮ್ಮಲ್ಲಿ ಇನ್ನೊಂದು ಅಡ್ಡಿಯುಂಟು. ಗ್ರಹಣದ ಹೊತ್ತಿನಲ್ಲಿ ಗರ್ಭಿಣಿ ಚಾಕು ಹಿಡಿದಳು, ಅದಕ್ಕೇ ಹೀಗಾಯಿತು ಎಂಬ ಮಾತು ಶಿವಾಜಿನಗರದ ಗಲ್ಲಿಗಳಲ್ಲಿಯೂ ಕೆ.ಆರ್. ಪುರದ ಹಳೆಯ ಹಳ್ಳಿಮನೆಗಳಲ್ಲಿಯೂ ಒಂದೇ ಬಗೆಯಾಗಿ ಕೇಳುತ್ತದೆ. ಗರ್ಭದಲ್ಲಿ ತುಟಿ ಕೂಡುವುದು ನಾಲ್ಕರಿಂದ ಏಳನೆಯ ವಾರದೊಳಗೆ. ಬಸುರಾದ ಸಂಗತಿ ತಾಯಿಗೆ ಆಗತಾನೆ ತಿಳಿಯುತ್ತಿರುತ್ತದೆ, ಕೆಲವರಿಗೆ ತಿಳಿದೇ ಇರುವುದಿಲ್ಲ. ಜಗತ್ತಿನಲ್ಲಿ ಸುಮಾರು 700 ಹೆರಿಗೆಗಳಿಗೆ ಒಂದರಂತೆ ಇದು ಕಾಣುತ್ತದೆ. ವಂಶವಾಹಿಗಳೂ ಪೋಷಣೆ, ತಂಬಾಕು ಮುಂತಾದ ಸಂಗತಿಗಳೂ ಸೇರಿ ಕಾರಣವಾಗುತ್ತವೆ. ತಾಯಿಯ ಮೇಲೆ ಹೊರಿಸಿದ ಆರೋಪ ಮಾಡುವ ಹಾನಿ ಎಂದರೆ, ನಾಚಿಕೆಯಿಂದ ಮನೆಯವರು ಮಗುವನ್ನು ಮರೆಮಾಡುತ್ತಾರೆ, ಮರುಭೇಟಿಯ ದಿನಗಳು ಜಾರುತ್ತವೆ.

ಕಂಟೋನ್ಮೆಂಟಿನ ಚರಿತ್ರೆ ಆಸ್ಪತ್ರೆಗಳ ಚರಿತ್ರೆಯೂ ಹೌದು. 1809ರಲ್ಲಿ ದಂಡು ನೆಲೆಯೂರಿದ ಮೇಲೆ, 1860ರ ದಶಕದಲ್ಲಿ ಕಮಿಷನರ್ ಆಗಿದ್ದ ಬೌರಿಂಗನ ಹೆಸರಿನ ಆಸ್ಪತ್ರೆ ಈಗಿನ ಶಿವಾಜಿನಗರದಲ್ಲಿ ಎದ್ದಿತು. ಪೇಟೆಯ ಕಡೆಗೆ ವಿಕ್ಟೋರಿಯಾ ಆಸ್ಪತ್ರೆ ತೆರೆದದ್ದು 1900ರಲ್ಲಿ. ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಆರಂಭವಾದದ್ದು 1958ರಲ್ಲಿ. ಇಲ್ಲಿಯೂ ಶಲ್ಯ ಮೊದಲು, ಹಲ್ಲು ಆಮೇಲೆ. ಇಂದು ವಸಂತನಗರದ ಮಿಲ್ಲರ್ಸ್ ರಸ್ತೆಯಲ್ಲಿ ಜೈನ ಟ್ರಸ್ಟಿನ ಆಶ್ರಯದಲ್ಲಿರುವ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ಸೀಳುತುಟಿ, ಸೀಳಂಗುಳಗಳ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಎಣಿಸಿದ ಪರಂಪರೆಗೆ ಇದು ಸಹಜವಾದ ಮುಂದುವರಿಕೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ತಪಾಸಣೆ ಮಾಡುತ್ತದೆ. ಸೀಳುತುಟಿ, ಸೀಳಂಗುಳಗಳು ಅದರ ಪಟ್ಟಿಯಲ್ಲಿವೆ. ಆದ್ದರಿಂದ ತುಟಿ ಕೂಡಿದ, ಒಸಡು ಕೂಡದ ಒಂಬತ್ತು ವರ್ಷದ ಮಗುವನ್ನು ಶಾಲೆಯ ಮೇಷ್ಟ್ರು ಗುರುತಿಸಿದರೂ ಸಾಕು, ದಾರಿ ತೆರೆಯುತ್ತದೆ.

ನನ್ನ ವಿದ್ಯಾರ್ಥಿನಿಗೆ ಆ ದಾರಿ ಹತ್ತೊಂಬತ್ತರ ವಯಸ್ಸಿನಲ್ಲಿ ತೆರೆಯಿತು. ರಂಧ್ರ ಮುಚ್ಚಿತು; ಕೋರೆಹಲ್ಲನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ, ಕಟ್ಟಿಸಿದ ಹಲ್ಲು ಬಂದಿತು. ಕೊನೆಯ ವರ್ಷ ಆಕೆ ತಾನಾಗಿಯೇ ಎದ್ದು ಪಂಪನ ಒಂದು ಪದ್ಯವನ್ನು ಓದಿದಳು. ಪ-ವರ್ಗ ಇನ್ನೂ ಸ್ವಲ್ಪ ಮೂಗಿನತ್ತ ಸರಿಯುತ್ತಿತ್ತು. ತರಗತಿ ಅದನ್ನು ಗಮನಿಸಲಿಲ್ಲ, ಗಮನಿಸಿದರೂ ಲೆಕ್ಕಿಸಲಿಲ್ಲ. ನಾನು ಹಿಂದೆ ಕಳೆದ ಅಂಕಗಳನ್ನು ಮರಳಿ ಕೊಡುವ ಅವಕಾಶ ನಿಯಮದಲ್ಲಿ ಇರಲಿಲ್ಲ. ಅಂದಿನಿಂದ ಕೇಶಿರಾಜನ ಆ ಸೂತ್ರಕ್ಕೆ ಬಂದಾಗಲೆಲ್ಲ ಆಕೆಯ ಪ್ರಶ್ನೆಯನ್ನು ತರಗತಿಯ ಮುಂದಿಡುತ್ತೇನೆ, ಮತ್ತು ಓದಲು ಏಳದ ವಿದ್ಯಾರ್ಥಿಗೆ ಅಂಕ ಹಾಕುವ ಮೊದಲು ಕಾರಣ ಕೇಳುತ್ತೇನೆ.